ಏಟು ತಿಂದ ಕಥೆ ಹೇಳುವಾಗ ನಗುವ ಹುಡುಗ: ಬೇಡುತ್ತ ಬೆಳೆದವರ ಮನಸ್ಸಿನ ಬಗ್ಗೆ ತಿಳಿದವರು ಹೇಳಿ

ಸಂಜೆಪಾಠ · ಭಾನುವಾರ, ರಾತ್ರಿ 9:12

ಬೀದಿಯಲ್ಲಿ ಬದುಕುವ ಹುಡುಗರಿಗೆ ಸಂಜೆ ಹೊತ್ತು ಓದು-ಬರಹ ಕಲಿಸುವ ಸಣ್ಣ ಗುಂಪೊಂದರಲ್ಲಿ ನಾನಿದ್ದೇನೆ. ನಮ್ಮಲ್ಲಿ ವೈದ್ಯರು, ಆಪ್ತಸಮಾಲೋಚಕರು ಯಾರೂ ಇಲ್ಲ. ಅದಕ್ಕೇ ಇಲ್ಲಿ ಕೇಳ್ತಿದ್ದೇನೆ.

ಒಬ್ಬ ಹುಡುಗ ಬರ್ತಾನೆ. 16 ಇರಬಹುದು ಅಂತ ಅವನದೇ ಅಂದಾಜು. ಬುದ್ಧಿ ತಿಳಿದಾಗಿನಿಂದ ಸಿಗ್ನಲ್‌ಗಳಲ್ಲಿ ಕೈಚಾಚಿಕೊಂಡೇ ಬೆಳೆದವನು. ಬಾಗಿಲಿಗೆ ಬೆನ್ನು ಕೊಟ್ಟು ಯಾವತ್ತೂ ಕೂರಲ್ಲ. ಯಾರ ಕೈಯಿಂದಾದರೂ ಪುಸ್ತಕ ಜಾರಿ ಬಿದ್ದರೆ ಸಾಕು, ಸದ್ದು ನಮಗೆ ಕೇಳಿಸುವಷ್ಟರಲ್ಲಿ ಅವನ ಎರಡೂ ಕೈ ತಲೆ ಮೇಲೆ ಹೋಗಿರುತ್ತೆ. ತಾನು ತಿಂದ ಏಟುಗಳ ಕಥೆ ಹೇಳುವಾಗ ನಗ್ತಾನೆ. ಸುಮ್ಮನೆ ನಗೋದಲ್ಲ, ಹೊಡೆದವನ ದನಿಯನ್ನೇ ಅನುಕರಿಸಿ ಉಳಿದ ಹುಡುಗರನ್ನೂ ನಗಿಸ್ತಾನೆ. ಕೈಗೆ ಬಂದ ದುಡ್ಡು ಅವತ್ತೇ ಖಾಲಿ. ಹೊಸದಾಗಿ ಯಾರಾದರೂ ಪಾಠ ಮಾಡೋಕೆ ಬಂದರೆ ಐದೇ ನಿಮಿಷದಲ್ಲಿ “ಅಕ್ಕಾ, ನನ್ನ ನಿಮ್ಮನೆಗೆ ಕರ್ಕೊಂಡ್ ಹೋಗ್ತೀಯಾ” ಅಂತಾನೆ. ಬಹಳ ದಿನದಿಂದ ನೋಡ್ತಿರೋ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲ್ಲ.

ಈಚೆಗೆ ಇನ್ನೊಂದು ಶುರುವಾಗಿದೆ. “ದೊಡ್ಡೋನಾಗ್ಬಿಟ್ಟೆ, ಈಗ ಯಾರೂ ಕೊಡಲ್ಲ” ಅನ್ನೋದು, ಮೀಸೆ ಚಿಗುರ್ತಿರೋ ಜಾಗವನ್ನು ಉಗುರಲ್ಲಿ ಕೆರೆದು ಕೆರೆದು ರಕ್ತ ಬರಿಸಿಕೊಳ್ಳೋದು.

ನಮ್ಮಲ್ಲಿ ಅರ್ಧ ಜನ “ಇದೆಲ್ಲ ಗಮನ ಸೆಳೆಯೋ ಆಟ” ಅಂತಾರೆ. ಇನ್ನರ್ಧ ಜನ ತಕ್ಷಣ ಮನೋವೈದ್ಯರ ಹತ್ತಿರ ಕರ್ಕೊಂಡು ಹೋಗಿ ಅಂತಾರೆ. ನಿಮ್ಮ ಅನುಭವ ಏನು?

ನೇರನುಡಿ · ರಾತ್ರಿ 9:40

ಬೇಜಾರು ಮಾಡ್ಕೋಬೇಡಿ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಈ ಹುಡುಗರು ನಮಗಿಂತ ಹತ್ತು ಪಟ್ಟು ಚಾಲಾಕಿ. ಅಳೋದು, ನಗೋದು, “ಅಕ್ಕಾ” ಅನ್ನೋದು ಎಲ್ಲ ಕಸುಬಿನ ಭಾಗ. ಹಿಂದೆ ದೊಡ್ಡ ಜಾಲ ಇರುತ್ತೆ. ಪ್ರತಿಯೊಂದಕ್ಕೂ ಮಾನಸಿಕ ಸಮಸ್ಯೆ ಅಂತ ಹಣೆಪಟ್ಟಿ ಹಚ್ಚೋದು ಈಗಿನ ಫ್ಯಾಷನ್. ಕೆಲಸ ಕೊಡಿಸಿ, ಶಿಸ್ತು ಕಲಿಸಿ, ತಾನಾಗೇ ಸರಿಹೋಗ್ತಾನೆ.

ಮೂಲೆಮನೆ · ರಾತ್ರಿ 9:44

ಶಿಸ್ತು ಅವನಿಗೆ ಬೇಕಾದಷ್ಟು ಬಿದ್ದಿರೋ ಹಾಗಿದೆಯಲ್ಲ ಸ್ವಾಮಿ.

ಡಾಕ್ಟರಮ್ಮ · ರಾತ್ರಿ 10:25

ನಾನು ಮನೋವೈದ್ಯೆ. ಹುಡುಗನನ್ನು ನೋಡದೆ ಕಾಯಿಲೆಯ ಹೆಸರು ಹೇಳಲಾರೆ. ಆದರೆ ಸಂಜೆಪಾಠ ಅವರು ಬರೆದಿರುವುದರಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಒಂದೂ ಇಲ್ಲ.

ಬಾಗಿಲ ಮೇಲೊಂದು ಕಣ್ಣು, ಸದ್ದಾದರೆ ತಲೆಗೆ ಹೋಗುವ ಕೈ: ಇವು ವರ್ಷಗಟ್ಟಲೆ ಏಟಿಗೆ ಕಾದು ಕೂತ ಮೈಯ ಅಭ್ಯಾಸ. ನಗುವ ವಿಚಾರ ಇನ್ನೂ ಸೂಕ್ಷ್ಮ. ಘಟನೆ ನೆನಪಿರುತ್ತೆ, ಅದರ ಜೊತೆ ಬರಬೇಕಾದ ಭಯ, ಅಳು ಮಾತ್ರ ಬೇರೆಲ್ಲೋ ಬೀಗ ಹಾಕಿಕೊಂಡು ಕೂತಿರುತ್ತೆ. ಹೊಡೆದವನ ದನಿಯನ್ನು ತಾನೇ ಆಡಿ ತೋರಿಸುವಾಗ ಆ ಹೊತ್ತಿಗಾದರೂ ಕಥೆಯ ಯಜಮಾನ ಅವನೇ. ನಗುವುದನ್ನು ನಿಲ್ಲಿಸೋಕೆ ಹೋಗಬೇಡಿ.

ಅಪರಿಚಿತರನ್ನು ಐದು ನಿಮಿಷದಲ್ಲಿ ಅಂಟಿಕೊಳ್ಳುವುದು, ಹತ್ತಿರದವರಿಂದ ದೂರ ಸರಿಯುವುದು ಕೂಡ ಹೊಂದಿಕೊಳ್ಳುತ್ತೆ. ಹೊಸಬರು ಇನ್ನೂ ಕೈಕೊಟ್ಟಿಲ್ಲ. ನೀವು ಯಾವಾಗ ಬೇಕಾದರೂ ಕೈಕೊಡಬಹುದಾದಷ್ಟು ಹತ್ತಿರ ಬಂದಿದ್ದೀರಿ, ಹಾಗಾಗಿ ಅಪಾಯ ನಿಮ್ಮಿಂದಲೇ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಸಂಕೀರ್ಣ ಪಿಟಿಎಸ್‌ಡಿಗೆ (ಪಿಟಿಎಸ್‌ಡಿ ಅಂದರೆ ಆಘಾತ ಕಳೆದ ಮೇಲೂ ಮನಸ್ಸಿನಲ್ಲಿ ಉಳಿಯುವ ತೊಂದರೆ) ಪ್ರತ್ಯೇಕ ಜಾಗ ಕೊಟ್ಟಿದ್ದಾರೆ. ಒಂದು ಅಪಘಾತದಿಂದಲ್ಲ, ತಪ್ಪಿಸಿಕೊಳ್ಳಲಾಗದ ಹಿಂಸೆ ದೀರ್ಘಕಾಲ ನಡೆದಾಗ ಸಾಮಾನ್ಯವಾಗಿ ಬರುವಂಥದ್ದು. ಕೆಟ್ಟ ನೆನಪು, ಬೆಚ್ಚಿಬೀಳುವಿಕೆಗಳ ಜೊತೆಗೆ ಭಾವನೆಗಳ ಮೇಲೆ ಹಿಡಿತ ತಪ್ಪುವುದು, ‘ನಾನು ಯಾವುದಕ್ಕೂ ಬಾರದವನು’ ಅನ್ನುವ ನಂಬಿಕೆ, ಸಂಬಂಧ ಉಳಿಸಿಕೊಳ್ಳಲಾಗದಿರುವುದು ಸೇರಿಕೊಳ್ಳುತ್ತೆ. ಬೀದಿಯ ಮಕ್ಕಳಲ್ಲಿ ಈ ಚಿತ್ರ ಮೇಲಿಂದ ಮೇಲೆ ಸಿಗುತ್ತೆ.

ಒಂದು ತೊಡಕಿದೆ. ಈ ಚಿಕಿತ್ಸೆಗಳಲ್ಲಿ ಬಹುಪಾಲು ‘ಅಪಾಯ ಕಳೆಯಿತು, ಈಗ ನೆನಪಿನ ಜೊತೆ ಕೆಲಸ ಮಾಡೋಣ’ ಅನ್ನುವ ತಳಹದಿಯ ಮೇಲೆ ನಿಂತಿವೆ. ಇವನಿಗೆ ಅಪಾಯ ಕಳೆದಿಲ್ಲ. ಪಾಠ ಮುಗಿಸಿ ಅದೇ ಬೀದಿಗೆ ಹೋಗಿ ಮಲಗ್ತಾನೆ. ಅಲ್ಲಿ ಕಿವಿ ನಿಮಿರಿಸಿಕೊಂಡು ಮಲಗುವುದು ಕಾಯಿಲೆಯಲ್ಲ, ವಿವೇಕ. ಭದ್ರವಾದ ಜಾಗ ಕೊಡದೆ ಅವನ ಎಚ್ಚರವನ್ನು ಮಾತ್ರ ಮಾತ್ರೆಯಿಂದ ಇಳಿಸಿದರೆ ಅವನ ಆಯುಧ ಕಿತ್ತುಕೊಂಡ ಹಾಗೆ. ನನ್ನ ಕ್ಷೇತ್ರದವರೇ ಇದನ್ನು ಮರೆತು ಚೀಟಿ ಬರೆಯುವುದನ್ನು ನೋಡಿದ್ದೇನೆ.

ಒಂದ್‌ಕಾಲದಲ್ಲಿ · ರಾತ್ರಿ 11:50

ಈ ವಿಷಯ ಬಂದಾಗ ಸಾಮಾನ್ಯವಾಗಿ ಸುಮ್ನೆ ಓದ್ಕೊಂಡ್ ಹೋಗ್ತೀನಿ. ಇವತ್ತು ಬರೀತೀನಿ. ನಾನೂ ಬೇಡಿದವನೇ. ಈಗ ಸಂಸಾರ, ಕೆಲಸ ಎಲ್ಲ ಇದೆ, ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ.

ನೇರನುಡಿ ಸರ್, ಎಲ್ಲ ಕಸುಬಿನ ಭಾಗ ಅಂದ್ರಲ್ಲ, ಹೌದು, ನಾಟಕವೇ. ಆದ್ರೆ ಅದನ್ನ ಆರು ವರ್ಷದ ಹುಡುಗ ಯಾಕೆ ಕಲಿತ ಅಂತ ಕೇಳಲಿಲ್ಲ. ನಕ್ಕೊಂಡು ಕೈ ಚಾಚಿದ್ರೆ ಯಾರೂ ಕೊಡಲ್ಲ. ಕೆಳತುಟಿ ಸ್ವಲ್ಪ ಒಳಗೆ ಎಳ್ಕೊಂಡು, ತಲೆ ಒಂದು ಕಡೆ ವಾಲಿಸಿ, ಕಾರಿನ ಗಾಜಿಗೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟಬೇಕು. ಪೂರ್ತಿ ಕೈಯಲ್ಲಿ ತಟ್ಟಿದ್ರೆ ಬೈತಾರೆ. ದೊಡ್ಡ ಹುಡುಗರು ನನಗೆ ಇದನ್ನ ಹೇಳ್ಕೊಟ್ರು, ನಾನು ಚಿಕ್ಕವರಿಗೆ ಹೇಳ್ಕೊಟ್ಟೆ.

ಇದ್ರ ಪರಿಣಾಮ ಏನಾಗುತ್ತೆ ಅಂತ ಹೊರಗಿನವರಿಗೆ ಹೊಳೆಯಲ್ಲ. ದಿನಾ ಬೆಳಗಿಂದ ರಾತ್ರಿವರೆಗೆ ದುಃಖವನ್ನ ಮುಖದ ಮೇಲೆ ಹಚ್ಕೊಂಡು ಮಾರ್ತಾ ಇದ್ರೆ, ನಿಜವಾದ ದುಃಖ ಬಂದಾಗ ಅದಕ್ಕೆ ಬೇರೆ ಮುಖ ಉಳಿದಿರಲ್ಲ. ಮೈ ಸುಡೋ ಜ್ವರದಲ್ಲಿ ನಿಂತಿದ್ದಾಗ್ಲೂ ಅದೇ ತುಟಿ, ಅದೇ ತಲೆ ವಾಲಿಸೋದು. ಜೊತೆಗಿದ್ದವನು “ಇವತ್ತು ಚೆನ್ನಾಗಿ ಮಾಡ್ತಿದೀಯಾ” ಅಂದ. ಆಮೇಲಾಮೇಲೆ ನನಗೇ ಅನುಮಾನ ಬರೋಕೆ ಶುರುವಾಯ್ತು, ನನಗೆ ಬೇಜಾರಾಗಿದ್ಯಾ ಅಥವಾ ಬೇಜಾರಿನ ಮುಖ ಮಾಡ್ತಿದೀನಾ ಅಂತ. ಇವತ್ತಿಗೂ ಹೆಂಡತಿ “ಏನಾಯ್ತು” ಅಂದ್ರೆ ಉತ್ತರ ಹುಡುಕಬೇಕಾಗುತ್ತೆ.

ಎರಡನೇದು, ದೊಡ್ಡವನಾಗೋದು. ನಿಮ್ಮ ಹುಡುಗ ಮೀಸೆ ಕೆರ್ಕೊಳ್ಳೋದು ಓದಿ ಎದೆ ಝಲ್ ಅಂತು. ಚಿಕ್ಕವನಿದ್ದಾಗ ‘ಪಾಪ’ ಅಂದ ಅದೇ ಜನ 13-14 ಆದ ಕೂಡ್ಲೇ ಕಿಟಕಿ ಏರಿಸ್ತಾರೆ, ಬ್ಯಾಗ್ ಎಳ್ಕೋತಾರೆ. ನೀನೇನೂ ಬದಲಾಗಿಲ್ಲ, ಅದೇ ಜಾಗ, ಅದೇ ಮುಖ. ಗಂಟಲು ಒಡೆದಿದೆ ಅಷ್ಟೇ. ಇಡೀ ಗುಂಪಿಗೆ ಹೆಚ್ಚು ತರ್ತಿದ್ದವನು ಏನೂ ತರದವನಾಗ್ತೀಯ. ಬೇರೆ ಮಕ್ಕಳು ದೊಡ್ಡವರಾಗೋಕೆ ಕಾಯ್ತಾರೆ, ನಾವು ಅದಕ್ಕೆ ಹೆದರ್ತಿದ್ವಿ. ನನ್ನ ಜೊತೆಯವರು ಕಳ್ಳತನಕ್ಕೆ ಇಳಿದಿದ್ದು, ಕೈ ಕುಯ್ಕೊಂಡಿದ್ದು ಎಲ್ಲ ಆ ವಯಸ್ಸಲ್ಲೇ.

ದುಡ್ಡು ಉಳಿಸಲ್ಲ ಅಂದ್ರಿ. ಎಲ್ಲಿಡೋದು? ನಿದ್ದೆ ಬಂದ್ರೆ ದೊಡ್ಡವರು ಕಿತ್ಕೋತಾರೆ, ಕೊಡ್ದಿದ್ರೆ ಹೊಡೀತಾರೆ. ಖರ್ಚು ಮಾಡಿದ್ದು ಮಾತ್ರ ನಂದು.

ಮೂಲೆಮನೆ · ರಾತ್ರಿ 11:58

ಅಣ್ಣಾ, ಬರೆದಿದ್ದು ಒಳ್ಳೇದಾಯ್ತು.

ಲೆಕ್ಕಿಗ · ಸೋಮವಾರ, ಬೆಳಗ್ಗೆ 7:05

ಈ ಚರ್ಚೆಗೆ ಒಂದಿಷ್ಟು ಅಂಕಿ ಸೇರಿಸ್ತೀನಿ. 1998ರಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಾಡಿದ ಅಧ್ಯಯನ ಪ್ರಕಟವಾಯಿತು. ಬಾಲ್ಯದಲ್ಲಿ ಏಟು, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ, ತಾಯಿಗೆ ಹಿಂಸೆ ಇಂಥವುಗಳಲ್ಲಿ ಎಷ್ಟು ಬಗೆ ಅನುಭವಿಸಿದ್ದೀರಿ ಅಂತ ಕೇಳಿ ಲೆಕ್ಕ ಹಾಕಿದರು. 4 ಅಥವಾ ಹೆಚ್ಚು ಬಗೆ ಅನುಭವಿಸಿದವರಲ್ಲಿ ಕುಡಿತದ ಚಟ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನ, ಇವುಗಳ ಅಪಾಯ ಏನೂ ಅನುಭವಿಸದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು.

ಗಮನಿಸಿ, ಅದರಲ್ಲಿ ಭಾಗವಹಿಸಿದವರು ಆರೋಗ್ಯ ವಿಮೆ ಇದ್ದ, ತಪಾಸಣೆಗೆ ಬಂದ ವಯಸ್ಕರು. ಹಸಿವು, ಬಯಲಲ್ಲಿ ಮಲಗುವುದು, ಕಂಡವರೆಲ್ಲ ಅಟ್ಟಿಸಿಕೊಂಡು ಬರುವುದು ಆ ಪ್ರಶ್ನೆಪಟ್ಟಿಯಲ್ಲೇ ಇರಲಿಲ್ಲ. ಬೇಡುವ ಮಕ್ಕಳಿಗೆ ಆ ಅಂಕಿಯನ್ನು ಹಾಗೇ ಅಂಟಿಸುವುದು ಸರಿಯಲ್ಲ. ದಿಕ್ಕು ಯಾವ ಕಡೆ ಅನ್ನೋದು ತಿಳಿದರೆ ಸಾಕು.

ನೇರನುಡಿ · ಬೆಳಗ್ಗೆ 8:30

ಒಂದ್‌ಕಾಲದಲ್ಲಿ ಅವರಿಗೆ ಗೌರವ ಕೊಟ್ಟೇ ಹೇಳ್ತೀನಿ, ಎಲ್ಲರೂ ನಿಮ್ಮ ಹಾಗೆ ಮೇಲೆ ಬರಲ್ಲ. ರಿಯೊ ಡಿ ಜನೈರೊದ ಬಸ್ 174ರ ಪ್ರಕರಣ ನೆನಪಿದೆಯಾ? 2000ದ ಜೂನ್ 12. ಬೀದಿಯಲ್ಲಿ ಬೆಳೆದ ಹುಡುಗನೊಬ್ಬ ಬಸ್ಸಿನ ಪ್ರಯಾಣಿಕರನ್ನು ಗಂಟೆಗಟ್ಟಲೆ ಒತ್ತೆ ಇಟ್ಟುಕೊಂಡ, ಇಡೀ ದೇಶ ಟಿವಿಯಲ್ಲಿ ನೋಡ್ತು. ಕೊನೆಗೆ ಒಬ್ಬ ಹೆಣ್ಣುಮಗಳು ಸತ್ತಳು. ಸಂಕಟದ ಕಥೆ ಕೇಳಿ ಕರಗೋ ಮೊದಲು ಸಮಾಜದ ಸುರಕ್ಷತೆಯನ್ನೂ ಯೋಚಿಸಬೇಕಲ್ವಾ?

ರಾತ್ರಿಪಾಳಿ · ಬೆಳಗ್ಗೆ 9:15

ಅಲ್ರೀ ನೇರನುಡಿ, ಅರ್ಧ ಕಥಿ ಯಾಕ್ ಹೇಳ್ತೀರಿ? ಆ ಹುಡುಗ ಸಾಂಡ್ರೊ ಡೊ ನಾಸಿಮೆಂಟೊ. ಸಣ್ಣವನಿದ್ದಾಗ ಅವನ ಕಣ್ಣ ಮುಂದ ತಾಯಿನ ಚಾಕು ಹಾಕಿ ಕೊಂದರು. ಆಮ್ಯಾಲೆ ಬೀದಿಪಾಲಾದ. 1993ರ ಜುಲೈ 23ರ ರಾತ್ರಿ ಅದೇ ಊರಿನ ಕ್ಯಾಂಡೆಲಾರಿಯಾ ಚರ್ಚಿನ ಹೊರಗ ಮಲಗಿದ್ದ ಬೀದಿ ಹುಡುಗರ ಮ್ಯಾಲೆ ಗುಂಡು ಹಾರಿಸಿದರು, 8 ಮಂದಿ ಸತ್ತರು, ಪೊಲೀಸರೇ ಅದರಾಗ ಶಾಮೀಲಾಗಿದ್ದರು. ಅಲ್ಲಿ ಬದುಕಿ ಉಳಿದವರಾಗ ಇವನೂ ಒಬ್ಬ. ಬಸ್ಸಿನ ದಿನ ಪೊಲೀಸ್ ಗಾಡಿಯೊಳಗ ಅವನೂ ಉಸಿರುಗಟ್ಟಿ ಸತ್ತ. ತಾಯಿ ಸತ್ತ ದಿನದಿಂದ ಬಸ್ಸಿನ ದಿನದ ತನಕ ಇಷ್ಟು ವರ್ಷ ಇತ್ತಲ್ರೀ, ಸಮಾಜದ ಸುರಕ್ಷತೆ ಆವಾಗ ನೋಡಬೇಕಿತ್ತು.

ನಾನು ರಾತ್ರಿ ತಂಗುದಾಣದಾಗ ಕೆಲಸ ಮಾಡಿದಾವ. ನೂರಾರು ಹುಡುಗರನ್ನ ನೋಡೀನಿ. ಬೇರೆಯವರಿಗೆ ಹೊಡೆಯೋರಿಗಿಂತ ತಮ್ಮನ್ನ ತಾವೇ ಹಾಳು ಮಾಡ್ಕೊಳ್ಳೋರೇ ಜಾಸ್ತಿ.

ಸಂಜೆಪಾಠ ಅವರ, ಅಂಟು ಸೇದ್ತಾನೇನು ನೋಡ್ರಿ. ಬಟ್ಟಿಗೆ, ಉಸಿರಿಗೆ ಪೇಂಟಿನಂಥ ವಾಸನೆ, ಬಾಯಿ-ಮೂಗಿನ ಸುತ್ತ ಒಣಗಿದ ಗುಳ್ಳೆ, ತೂರಾಡೋ ನಡಿಗೆ. ಅಂಟಿನಾಗ, ಥಿನ್ನರಿನಾಗ ಟಾಲ್ಯೂಯಿನ್ ಅಂತ ಒಂದು ರಾಸಾಯನಿಕ ಇರ್ತದ. ಸೇದಿದ ಕೂಡಲೇ ಮಿದುಳಿಗೆ ಏರ್ತದ. ಹಸಿವು ಗೊತ್ತಾಗಂಗಿಲ್ಲ, ಚಳಿ ಗೊತ್ತಾಗಂಗಿಲ್ಲ, ಅಂಜಿಕೆ ಗೊತ್ತಾಗಂಗಿಲ್ಲ. ಅದಕ್ಕ ಸೇದ್ತಾರ, ಮಜಾಕ್ಕಲ್ಲ. ವರ್ಷಗಟ್ಟಲೆ ಸೇದಿದರ ಮಿದುಳಿನ ಬಿಳಿಭಾಗ ಹಾಳಾಗ್ತದ. ನೆನಪು ಹೋಗ್ತದ, ಕಿವಿ ಮಂದ ಆಗ್ತದ, ಕೈ ನಡುಗ್ತದ. ಕಮ್ಯುನಿಸ್ಟ್ ಆಡಳಿತ ಬಿದ್ದ ಮ್ಯಾಲೆ ರೊಮೇನಿಯಾದ ಬುಕಾರೆಸ್ಟಿನಾಗ ನೆಲದಡಿ ಬಿಸಿನೀರಿನ ಕೊಳವೆಗಳ ಸುರಂಗದಾಗ ಬದುಕ್ತಿದ್ದ ಹುಡುಗರು ಆರೊಲ್ಯಾಕ್ ಅನ್ನೋ ಬಣ್ಣ ಚೀಲಕ್ಕ ಹಾಕ್ಕೊಂಡು ಸೇದ್ತಿದ್ದರು. ದೇಶ ಬ್ಯಾರೆ, ಡಬ್ಬಿ ಬ್ಯಾರೆ, ಕಾರಣ ಒಂದೇ.

ಇದೊಂದು ಮಾತು ಮಾತ್ರ ಎಲ್ಲರೂ ನೆನಪಿಡ್ರಿ: ಸೇದುವಾಗ ಕಂಡರ ಒದರಬ್ಯಾಡ್ರಿ, ಬೆನ್ನಟ್ಟಬ್ಯಾಡ್ರಿ. ಆ ಹೊತ್ತಿನಾಗ ಗಾಬರಿ ಬಿದ್ದು ಓಡಿದರ ಎದಿಬಡಿತ ತಪ್ಪಿ ನಿಂತಲ್ಲೇ ಸಾಯೋ ಸಾಧ್ಯತೆ ಅದ. ಮೊದಲನೇ ಸಲ ಸೇದಿದವರಿಗೂ ಹಿಂಗ ಆಗ್ಯದ. ಮೆಲ್ಲಕ ಹೋಗಿ ಬಾಜೂಕ ಕೂಡ್ರಿ, ಗಾಳಿ ಆಡೋ ಕಡೆ ಕರೀರಿ.

ಡಾಕ್ಟರಮ್ಮ · ಬೆಳಗ್ಗೆ 9:50

ರಾತ್ರಿಪಾಳಿ ಅವರ ಕೊನೆಯ ಪ್ಯಾರಾ ವೈದ್ಯಕೀಯವಾಗಿ ಸರಿಯಾಗಿದೆ. ಪೊಲೀಸರಿಗೂ ಇದು ತಿಳಿದಿರಬೇಕು.

ಅಮೃತಬಳ್ಳಿ · ಬೆಳಗ್ಗೆ 11:20

ಚರ್ಚೆ ಪೂರ್ತಿ ಹುಡುಗರ ಸುತ್ತಲೇ ಸುತ್ತುತ್ತಿದೆ. ನಾನು ನರ್ಸ್. ನನ್ನ ಹತ್ತಿರ ಬರೋದು ಹೆಚ್ಚಾಗಿ ಹೆಣ್ಣುಮಕ್ಕಳು, ಅದೂ ಯಾವುದೋ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳೋ ನೆಪದಲ್ಲಿ.

ಹುಡುಗನಿಗೆ ದೊಡ್ಡವನಾದ ಮೇಲೆ ಯಾರೂ ಕೊಡಲ್ಲ ಅನ್ನೋ ಸಂಕಟ. ಹುಡುಗಿಗೆ ತದ್ವಿರುದ್ಧ, ಕೊಡೋಕೆ ಬರ್ತಾರೆ, ಬದಲಿಗೆ ಏನೋ ಕೇಳ್ತಾರೆ. ತಲೆಗೂದಲು ಕತ್ತರಿಸಿಕೊಂಡು ಅಣ್ಣನ ಅಂಗಿ ಹಾಕಿಕೊಂಡು ಹುಡುಗನ ಹಾಗೆ ಓಡಾಡುವವರಿದ್ದಾರೆ. ಬೇಕಂತಲೇ ಸ್ನಾನ ಬಿಟ್ಟವರೂ ಇದ್ದಾರೆ, ವಾಸನೆ ಬಂದರೆ ಯಾರೂ ಹತ್ತಿರ ಬರಲ್ಲ ಅಂತ. ಅಂಥವಳನ್ನು ಕರೆತಂದು ನಾವು ಮೊದಲು ಮಾಡೋದೇನು? ತಲೆಗೆ ನೀರು ಹಾಕಿ ಉಜ್ಜೋದು. ಅವಳು ಕಿರುಚಿದರೆ ‘ಗಲೀಜಿಗೆ ಒಗ್ಗಿಹೋಗಿದ್ದಾಳೆ’ ಅಂತ ಬರೆದುಕೊಳ್ಳೋದು.

ಇನ್ನೊಂದು ವಿಷಯ, ಕಂಕುಳಲ್ಲಿರೋ ಮಗು. 12-13ರ ಹುಡುಗಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡೇ ಇರ್ತಾಳೆ. ಅವಳ ಚಿಂತೆ ಎಲ್ಲ ಆ ಮಗುವಿನದು. ತನಗೆ ನಿದ್ದೆ ಬರಲ್ಲ, ಊಟ ಸೇರಲ್ಲ, ಸಾಯಬೇಕು ಅನ್ನಿಸುತ್ತೆ ಅನ್ನೋದನ್ನೂ ‘ನಾನು ಹೋದ್ರೆ ಇವನ್ನ ಯಾರು ನೋಡ್ಕೋತಾರೆ’ ಅನ್ನೋ ಮಾತಿನ ಒಳಗೇ ಹೇಳ್ತಾಳೆ. ಅಕ್ಕನನ್ನು ಒಂದು ಕಡೆ, ಮಗುವನ್ನು ಇನ್ನೊಂದು ಕಡೆ ಹಾಕಿದರೆ ಅವಳು ಗೋಡೆ ಹಾರಿ ಓಡಿಹೋಗದೆ ಇನ್ನೇನು ಮಾಡ್ತಾಳೆ? ಮತ್ತೆ ಎಲ್ಲರೂ ಹೇಳೋದು, ಬೀದಿ ರುಚಿ ಹತ್ತಿದೆ ಅಂತ.

ಲೆಕ್ಕಿಗ · ಮಧ್ಯಾಹ್ನ 12:10

ನೇರನುಡಿ ಅವರ ‘ಜಾಲ’ದ ಮಾತಿಗೆ ಬರ್ತೀನಿ. ಜಾಲ ಇರೋದು ನಿಜ. ಐರೋಪ್ಯ ಒಕ್ಕೂಟ ತನ್ನ 2011ರ ಮಾನವ ಕಳ್ಳಸಾಗಣೆ ನಿರ್ದೇಶನದಲ್ಲಿ ಬಲವಂತದ ಭಿಕ್ಷಾಟನೆಯನ್ನು ಹೆಸರಿಸಿಯೇ ಶೋಷಣೆಯ ಪಟ್ಟಿಗೆ ಸೇರಿಸಿತು. ಅಂದರೆ ಜಾಲದಲ್ಲಿರುವ ಮಗು ಬಲಿಪಶು, ಪಾಲುದಾರ ಅಲ್ಲ. ಆದರೆ ಎಲ್ಲರೂ ಜಾಲದವರಲ್ಲ. ಹಗಲು ಬೀದಿಯಲ್ಲಿ ದುಡಿದು ರಾತ್ರಿ ಮನೆಗೆ ಹೋಗುವವರು ಬೇರೆ, ಮನೆಯ ನಂಟೇ ಕಡಿದುಕೊಂಡವರು ಬೇರೆ, ಇಡೀ ಕುಟುಂಬವೇ ಬೀದಿಯಲ್ಲಿರುವವರು ಬೇರೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ 1989ರ ಒಡಂಬಡಿಕೆಯ ಮೇಲ್ವಿಚಾರಣಾ ಸಮಿತಿ 2017ರಲ್ಲಿ ಬೀದಿಯಲ್ಲಿರುವ ಮಕ್ಕಳಿಗಾಗಿಯೇ ತನ್ನ 21ನೇ ವ್ಯಾಖ್ಯಾನ ಪ್ರಕಟಿಸಿತು. ಬೀದಿಯಿಂದ ಬಾಚಿ ಎತ್ತಿಕೊಂಡು ಹೋಗುವ ಕಾರ್ಯಾಚರಣೆಗಳನ್ನೂ, ಬೇಡುವುದನ್ನೇ ಅಪರಾಧ ಮಾಡುವುದನ್ನೂ ಅದು ಒಪ್ಪುವುದಿಲ್ಲ. ಅದೇ ಒಡಂಬಡಿಕೆಯ 39ನೇ ವಿಧಿ ಶೋಷಣೆಗೆ ಒಳಗಾದ ಮಗುವಿನ ಮಾನಸಿಕ ಚೇತರಿಕೆಯನ್ನು ಸರ್ಕಾರಗಳ ಹೊಣೆ ಅನ್ನುತ್ತೆ. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ.

ಒಂದ್‌ಕಾಲದಲ್ಲಿ · ಮಧ್ಯಾಹ್ನ 1:30

ಜಾಲದ ಬಗ್ಗೆ ಒಂದು ಮಾತು. ಸಂಜೆ ಇಷ್ಟು ತರಬೇಕು ಅಂತ ಲೆಕ್ಕ ಇಡೋನು ಇರ್ತಾನೆ. ಕಡಿಮೆ ಬಿದ್ರೆ ಹೊಡೀತಾನೆ. ಆದ್ರೆ ಜ್ವರ ಬಂದಾಗ ಮಾತ್ರೆ ತಂದು ಕೊಡೋನೂ ಅವನೇ, ಬೇರೆ ಗುಂಪಿನವರು ಮೈಮೇಲೆ ಬಂದ್ರೆ ಅಡ್ಡ ನಿಲ್ಲೋನೂ ಅವನೇ. ನನ್ನನ್ನ ಬಿಡಿಸೋಕೆ ಬಂದವರು ಅವನನ್ನ ರಾಕ್ಷಸ ಅಂದಾಗ ನನಗೆ ಸಿಟ್ಟು ಬಂದಿತ್ತು. ಅವನ ಪರವಾಗಿ ಸುಳ್ಳು ಹೇಳಿದ್ದೆ. ಯಾಕೆ ಅಂದ್ರೆ ಪ್ರಪಂಚದಲ್ಲಿ ನಾನು ಬಂದ್ನಾ ಇಲ್ವಾ ಅಂತ ಲೆಕ್ಕ ಇಡ್ತಿದ್ದ ಮನುಷ್ಯ ಅವನೊಬ್ಬನೇ.

ನೇರನುಡಿ · ಮಧ್ಯಾಹ್ನ 2:05

ಇದನ್ನ ನಾನು ಯೋಚಿಸಿರಲಿಲ್ಲ. ಸರಿ, ಒಂದು ಪ್ರಾಮಾಣಿಕ ಪ್ರಶ್ನೆ: ಹಾಗಾದ್ರೆ ಸಿಗ್ನಲ್‌ನಲ್ಲಿ ಕೈ ಚಾಚಿದಾಗ ಕೊಡಬೇಕಾ, ಬೇಡ್ವಾ?

ರಾತ್ರಿಪಾಳಿ · ಮಧ್ಯಾಹ್ನ 2:20

ಅದು ಮುಗೀಲಾರದ ಜಗಳ ಬಿಡ್ರಿ. ಕೊಟ್ಟರ ಸಾಲಂಗಿಲ್ಲ, ಕೊಡದಿದ್ದರ ಬದಲಾಗಂಗಿಲ್ಲ. ನಾನಂತೂ ಸಣ್ಣ ಹುಡುಗರ ಕೈಯಾಗ ರೊಕ್ಕ ಕೊಡಂಗಿಲ್ಲ, ಬೇರೆ ಗೆಳೆಯರು ಕೊಡ್ತಾರ.

ಒಂದ್‌ಕಾಲದಲ್ಲಿ · ಮಧ್ಯಾಹ್ನ 2:31

ಕೊಡೋದು ಬಿಡೋದು ನಿಮ್ಮಿಷ್ಟ. ಇಲ್ಲ ಅಂತ ಹೇಳೋದಾದ್ರೆ ಬಾಯಿಬಿಟ್ಟು ಹೇಳಿ. ಬೈದವರು ನನಗೆ ನೆನಪಿಲ್ಲ. ಗಾಜಿನಾಚೆ ಯಾರೂ ಇಲ್ವೇನೋ ಅನ್ನೋ ಹಾಗೆ ನೇರ ಮುಂದೆ ನೋಡ್ತಾ ಕೂತವರ ಕಿವಿ, ಕೆನ್ನೆ ಇವತ್ತಿಗೂ ನೆನಪಿದೆ.

ಸಂಜೆಪಾಠ · ಸಂಜೆ 6:15

ಇಷ್ಟೆಲ್ಲ ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಅಂಟಿನ ವಾಸನೆ ಬಂದ ನೆನಪಿಲ್ಲ, ಗಮನಿಸ್ತೀನಿ. ಈಗ ನನ್ನ ಪ್ರಶ್ನೆ ತೀರಾ ಸಣ್ಣದು. ನಮ್ಮಂಥವರು ಏನು ಮಾಡಬಹುದು, ಏನು ಮಾಡಲೇಬಾರದು? ಅವನ ಕಥೆಯನ್ನು ಕೂರಿಸಿಕೊಂಡು ಪೂರ್ತಿ ಕೇಳಿದರೆ ಮನಸ್ಸು ಹಗುರಾಗುತ್ತಾ?

ಡಾಕ್ಟರಮ್ಮ · ರಾತ್ರಿ 8:40

ಕೂರಿಸಿಕೊಂಡು ಕೇಳಬೇಡಿ. ‘ಎಲ್ಲ ಹೇಳಿಬಿಟ್ಟರೆ ಹಗುರ’ ಅನ್ನೋದು ಎಲ್ಲರಿಗೂ, ಎಲ್ಲ ಹೊತ್ತಿನಲ್ಲೂ ನಿಜವಲ್ಲ. ಆಘಾತವಾದವರನ್ನು ಒಂದೇ ಬೈಠಕ್ಕಿನಲ್ಲಿ ಕೆದಕಿ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. 2011ರಲ್ಲಿ ಅದು ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಸಾಮಾನ್ಯ ಜನರಿಗೂ ಅನ್ವಯವಾಗುವಂಥದ್ದು, ಸಾರ ಮೂರೇ ಮಾತು: ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ. ಜೋಡಿಸುವುದು ಅಂದರೆ ಜಾಗ, ಊಟ, ಆಸ್ಪತ್ರೆ, ಬೇಕಾದ ಜನರ ಜೊತೆ. ಅವನಾಗೇ ಹೇಳಿದರೆ ಕೇಳಿಸಿಕೊಳ್ಳಿ. ನಗುತ್ತ ಹೇಳಿದರೆ ನೀವು ನಗಬೇಕಿಲ್ಲ, ಮುಖ ಗಂಭೀರ ಮಾಡಿಕೊಂಡು ಬುದ್ಧಿ ಹೇಳಲೂ ಬೇಡಿ.

ಕಥೆಯ ಜೊತೆ ಕೆಲಸ ಮಾಡುವ ವಿಧಾನಗಳು ಇವೆ, ಅದಕ್ಕೆ ತರಬೇತಿ ಬೇಕು. ಒಂದರಲ್ಲಿ ನೆಲದ ಮೇಲೆ ಹಗ್ಗ ಹಾಸುತ್ತಾರೆ, ಅದೇ ಆ ಮಗುವಿನ ಬದುಕು. ಕೆಟ್ಟದ್ದು ನಡೆದ ಕಡೆ ಕಲ್ಲು, ಒಳ್ಳೆಯದು ನಡೆದ ಕಡೆ ಹೂವು. ಆಮೇಲೆ ವಾರವಾರ ಒಂದೊಂದು ಕಲ್ಲಿನ ಹತ್ತಿರ ನಿಂತು, ಯಾವಾಗ, ಎಲ್ಲಿ, ಆಗ ಮೈಗೆ ಏನನ್ನಿಸಿತು ಅಂತ ಕ್ರಮವಾಗಿ ಹೇಳಿಸುತ್ತಾ ಹೋಗುತ್ತಾರೆ. ಚೆಲ್ಲಾಪಿಲ್ಲಿಯಾದ ನೆನಪಿಗೆ ದಿನಾಂಕ, ಜಾಗ ಸಿಕ್ಕಾಗ ಅದು ಹಿಂದಿನ ಕಾಲಕ್ಕೆ ಸರಿಯುತ್ತೆ. ಬುರುಂಡಿಯಲ್ಲಿ ಬೀದಿ ಬಿಟ್ಟು ಬಂದ ಹುಡುಗರ ಜೊತೆಗೂ ಇದನ್ನು ಪ್ರಯತ್ನಿಸಿದ್ದಾರೆ. ಗಮನಿಸಿ, ಬೀದಿ ಬಿಟ್ಟು ಬಂದವರ ಜೊತೆ.

ನಿಮ್ಮ ಕೈಲಾಗುವುದಕ್ಕೆ ಬರ್ತೀನಿ. ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ಕೇಳಿರಬಹುದು: ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ಪ್ರಾಣಿ, ಆಮೇಲೆ ದಾರಿ ತೆರೆದಿದ್ದರೂ ಸುಮ್ಮನೆ ಮಲಗಿಬಿಡುತ್ತಿತ್ತು. ಅದು ಅಸಹಾಯಕತೆಯನ್ನು ಕಲಿತಿದೆ ಅಂತ ಆಗ ಹೇಳಿದರು. ಸುಮಾರು 50 ವರ್ಷದ ನಂತರ, 2016ರಲ್ಲಿ, ಮಿದುಳಿನ ಅಧ್ಯಯನಗಳನ್ನು ಮುಂದಿಟ್ಟುಕೊಂಡು ಅವರೇ ಅದನ್ನು ತಿರುಗಿಸಿ ಹಾಕಿದರು. ದೀರ್ಘ ಹಿಂಸೆಗೆ ಸುಮ್ಮನಾಗಿಬಿಡುವುದು ಕಲಿತದ್ದಲ್ಲ, ಮೈಯ ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು ‘ನನ್ನ ಕೈಲಿ ಏನೋ ಇದೆ’ ಅನ್ನುವುದು. ನಿಮ್ಮ ತರಗತಿಯಲ್ಲಿ ಇದಕ್ಕೆ ಬೇಕಾದಷ್ಟು ಅವಕಾಶವಿದೆ. ಯಾವ ಪಾಠ ಮೊದಲು, ಎಲ್ಲಿ ಕೂರುವುದು, ದೀಪ ಆರಿಸುವುದು ಯಾರು ಅಂತ ಅವನೇ ನಿರ್ಧರಿಸಲಿ. ನಿರ್ಧಾರ ತಪ್ಪಾದರೂ ನಡೆಯಲಿ.

ದೊಡ್ಡವನಾಗಿ ಕಳೆದುಕೊಂಡ ಜಾಗಕ್ಕೆ ಬದಲಿ ಜಾಗ ಬೇಕು. ಚಿಕ್ಕ ಹುಡುಗರಿಗೆ ಅಕ್ಷರ ತಿದ್ದಿಸುವ ಕೆಲಸ ಕೊಡಬಹುದಾ? ಅಲ್ಲಿ ಅವನ ಎತ್ತರ, ಒಡೆದ ದನಿ ಎರಡೂ ಉಪಯೋಗಕ್ಕೆ ಬರುತ್ತೆ.

ಮುಖದ ಗಾಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಯಬೇಕು ಅನ್ನಿಸುತ್ತಾ ಅಂತ ಒಂಟಿಯಾಗಿದ್ದಾಗ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ, ಹೇಗೆ ಅಂತ ಯೋಚಿಸಿದ್ದೀಯಾ ಅಂತಲೂ ಕೇಳಿ. ಅದಕ್ಕೂ ಉತ್ತರ ಸಿದ್ಧವಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಬ್ಬನನ್ನೇ ಬಿಡಬೇಡಿ.

ಅಮೃತಬಳ್ಳಿ · ರಾತ್ರಿ 9:02

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಿಮ್ಮ ಗುಂಪಿನಲ್ಲಿ ಮೂರು ತಿಂಗಳು ಬಂದು ಫೋಟೋ ತೆಗೆಸಿಕೊಂಡು ಮಾಯವಾಗುವವರು ಇದ್ದರೆ ಅವರನ್ನು ಈ ಹುಡುಗನ ಹತ್ತಿರ ಬಿಡಬೇಡಿ. ನೀವೇ ಬಿಟ್ಟು ಹೋಗುವ ಸಂದರ್ಭ ಬಂದರೆ ಮುಂಚೆಯೇ ದಿನ ಹೇಳಿ, ಹೇಳಿಯೇ ಹೋಗಿ.

ರಾತ್ರಿಪಾಳಿ · ರಾತ್ರಿ 9:30

ಮಲಗೋ ಜಾಗದ ಬಗ್ಗೆ. 1992ರಾಗ ನ್ಯೂಯಾರ್ಕಿನಾಗ ಸ್ಯಾಮ್ ಟ್ಸೆಂಬೆರಿಸ್ ಅನ್ನೋರು ಮನೆಯಿಲ್ಲದ ಮಾನಸಿಕ ರೋಗಿಗಳಿಗೆ ‘ಮೊದಲು ಮನಿ’ ಅನ್ನೋ ಪದ್ಧತಿ ಶುರು ಮಾಡಿದರು. ಮೊದಲು ಚಟ ಬಿಡು, ಆಮ್ಯಾಲೆ ಮನಿ ಕೊಡ್ತೀವಿ ಅನ್ನೋದನ್ನ ತಲೆಕೆಳಗ ಮಾಡಿದರು. ಅದು ದೊಡ್ಡವರಿಗೆ ಮಾಡಿದ್ದು, ಹುಡುಗರಿಗೆ ಬರೇ ಕೀಲಿಕೈ ಕೊಟ್ಟರ ಸಾಲಂಗಿಲ್ಲ, ದೊಡ್ಡವರು ಒಬ್ಬರು ಜೊತಿಗಿರಬೇಕು. ಆದರ ಕ್ರಮ ಅದೇ ಸರಿ. ನಮ್ಮಲ್ಲಿಗೆ ಬಂದ ಹುಡುಗರು ಮೊದಲಿನ ವಾರ ಬರೇ ನಿದ್ದಿ ಮಾಡ್ತಿದ್ದರು. ಮಧ್ಯಾಹ್ನ ಎಬ್ಬಿಸಿದರ ಕಚ್ಚಾಕ ಬರ್ತಿದ್ದರು. ಸೋಮಾರಿ ಅಂತ ಬೈಯೋ ಸಿಬ್ಬಂದಿ ಇದ್ದರು. ಹದಿಹರೆಯದವರಿಗೆ ದಿನಕ್ಕ 8ರಿಂದ 10 ತಾಸು ನಿದ್ದಿ ಬೇಕು. ಇವರು ವರ್ಷಗಟ್ಟಲೆ ತುಂಡು ತುಂಡು ನಿದ್ದಿ ಮಾಡಿದವರು. ನಿದ್ದಿ ತೀರಿದ ಮ್ಯಾಲೆ ಅರ್ಧ ಸಿಟ್ಟು ತಾನೇ ಇಳೀತಿತ್ತು. ಉಳಿದ ಅರ್ಧಕ್ಕ ಡಾಕ್ಟರ್ ಬೇಕಾಗ್ತಿದ್ದರು.

ಸಂಜೆಪಾಠ · ರಾತ್ರಿ 10:05

ಡಾಕ್ಟರಮ್ಮ ಮೇಡಂ, ಆಸ್ಪತ್ರೆಗೆ ಹೋಗುವಾಗ ಏನೇನು ಬರೆದುಕೊಂಡು ಹೋಗಬೇಕು? ಅಲ್ಲಿ ಸಿಗೋದು ಕೆಲವೇ ನಿಮಿಷ. ಅವನು ವೈದ್ಯರ ಮುಂದೆ ಬಾಯಿ ಬಿಡಲ್ಲ, ಇಲ್ಲ ಅಂದರೆ ಅವರನ್ನೂ ನಗಿಸಿಬಿಡ್ತಾನೆ.

ಡಾಕ್ಟರಮ್ಮ · ರಾತ್ರಿ 10:30

ಮೊದಲು ಅವನನ್ನು ಕೇಳಿ, ಬರ್ತೀಯಾ ಅಂತ. ಬರಲ್ಲ ಅಂದರೆ, ಸಾಯುವ ಮಾತಿನಂಥ ತುರ್ತು ಇಲ್ಲದಿದ್ದರೆ, ಎರಡು ವಾರ ಬಿಟ್ಟು ಮತ್ತೆ ಕೇಳಿ. ಏನು ಬರೆದುಕೊಂಡಿದ್ದೀರಿ ಅನ್ನುವುದನ್ನು ಅವನಿಗೆ ಓದಿ ಹೇಳಿ, ಹೊಡೆದು ಹಾಕು ಅಂದದ್ದನ್ನು ಹೊಡೆದು ಹಾಕಿ.

ರಾತ್ರಿ ಎಷ್ಟು ಹೊತ್ತು ಮಲಗ್ತಾನೆ, ಎಷ್ಟು ಸಲ ಏಳ್ತಾನೆ, ಕನಸಿಗೆ ಕಿರುಚ್ತಾನಾ ಬರೆದುಕೊಳ್ಳಿ. ತಲೆಗೆ ಏಟು ಬಿದ್ದು ಎಚ್ಚರ ತಪ್ಪಿದ್ದುಂಟಾ, ಫಿಟ್ಸ್ ಬಂದಿತ್ತಾ ಅಂತ ಮರೆಯದೆ ಕೇಳಿ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಾಮರ್ಶೆಯಲ್ಲಿ, ಸೂರಿಲ್ಲದವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಯಾವತ್ತಾದರೂ ಮಿದುಳಿಗೆ ಪೆಟ್ಟಾಗಿತ್ತು ಅನ್ನುವುದು ಕಂಡುಬಂತು. ಮರೆವು, ಥಟ್ಟನೆ ಬರುವ ಕೋಪ, ಗಮನ ನಿಲ್ಲದಿರುವುದು ಅದರಿಂದಲೂ ಇರಬಹುದು. ರಕ್ತಹೀನತೆಗೆ ಪರೀಕ್ಷೆ ಮಾಡಿಸಿ, ಕಿವಿಯನ್ನೂ ತೋರಿಸಿ. ಕೆನ್ನೆಗೆ ಹೊಡೆತ ತಿಂದವರ ಕಿವಿ ತಮಟೆ ಹರಿದಿರುವುದು ಅಪರೂಪವೇನಲ್ಲ, ನೀವು ಕರೆದಾಗ ತಿರುಗಿ ನೋಡದಿದ್ದರೆ ಅದು ಬರೀ ಕೇಳಿಸದೆಯೂ ಇರಬಹುದು.

ವೈದ್ಯರನ್ನು ನಗಿಸಿದರೆ ನಗಿಸಲಿ. ಚೀಟಿ ನಿಮ್ಮ ಕೈಯಲ್ಲಿರುತ್ತಲ್ಲ, ಅದನ್ನು ಕೊಡಿ.

ಸಂಜೆಪಾಠ · ರಾತ್ರಿ 10:41

ಬರೆದುಕೊಂಡೆ ಮೇಡಂ. ನಾಳೆ ತರಗತಿ ಇದೆ. ಚಿಕ್ಕವರಿಗೆ ಅಕ್ಷರ ತಿದ್ದಿಸೋ ಕೆಲಸ ಮೊದಲು ಕೇಳ್ತೀನಿ, ಆಸ್ಪತ್ರೆ ವಿಷಯ ಆಮೇಲೆ. ಏನಾಯ್ತು ಅಂತ ಇಲ್ಲೇ ಬರೀತೀನಿ.